ಗೋರಿಯಿಂದ ಎದ್ದ ಹೆಸರು

ಭೂವಿಜ್ಞಾನದ ಪುಸ್ತಕ ಬಿಟ್ಟರೆ ಬೇರೆಲ್ಲೂ ಸಿಗದ ಪದ ‘ಚಾರ್ನೊಕೈಟ್’. ಒಂದು ಜಾತಿಯ ಶಿಲೆಯ ಹೆಸರಿದು. ಕೇಳಿದೊಡನೆ ಗ್ರೀಕ್ ಮೂಲದ್ದಿರಬೇಕು ಅನ್ನಿಸುತ್ತದೆ. ಅಲ್ಲ, ಇದು ಹುಟ್ಟಿದ್ದು ಕೋಲ್ಕತ್ತದ ಒಂದು ಗೋರಿಯಿಂದ.

ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿರುವ ಆ ಗೋರಿ ಈಸ್ಟ್ ಇಂಡಿಯಾ ಕಂಪನಿಯ ಏಜೆಂಟ್ ಜಾಬ್ ಚಾರ್ನಾಕ್‌ನದು. 1690ರ ಆಗಸ್ಟ್‌ನಲ್ಲಿ ಹೂಗ್ಲಿ ದಂಡೆಯ ಸುತಾನುಟಿಯಲ್ಲಿ ಬೀಡುಬಿಟ್ಟ ಆತ ಮೂರು ವರ್ಷ ತುಂಬುವುದರೊಳಗೆ ತೀರಿಕೊಂಡ. ಬಂಗಾಳದ ಆ ಮೆಕ್ಕಲು ನೆಲದಲ್ಲಿ ಕಲ್ಲೆಲ್ಲಿ? ಗೋರಿಯ ಕಪ್ಪು ಚಪ್ಪಡಿ ಮದ್ರಾಸಿನ ಕಡೆಯಿಂದ ಬಂತು. ಇನ್ನೂರು ವರ್ಷ ಜನ ಅದರ ಮೇಲಿನ ಲ್ಯಾಟಿನ್ ಬರಹ ಓದಿದರು. ಕಲ್ಲನ್ನು ಯಾರೂ ಓದಲಿಲ್ಲ.

ಓದಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಥಾಮಸ್ ಹಾಲೆಂಡ್. ಮದ್ರಾಸ್ ಬಳಿಯ ಪಲ್ಲಾವರಂ, ಸೇಂಟ್ ಥಾಮಸ್ ಮೌಂಟ್‌ಗಳ ಬಂಡೆಯೂ ಈ ಚಪ್ಪಡಿಯೂ ಒಂದೇ ಎಂದು ಅವರು ಕಂಡುಕೊಂಡರು. ನೋಟಕ್ಕೆ ಗ್ರಾನೈಟ್‌ನಂತೆ, ಆದರೆ ಎಣ್ಣೆ ಸವರಿದ ಮೈ. ಒಳಗೆ ಹೈಪರ್ಸ್ತೀನ್ ಎಂಬ ಖನಿಜ. 1893ರಲ್ಲಿ ಹಾಲೆಂಡ್ ಅದಕ್ಕೆ ಚಾರ್ನಾಕ್‌ನ ಹೆಸರಿಟ್ಟರು. ಕೋಲ್ಕತ್ತ ಕಟ್ಟಿದವನೆಂಬ ಗೌರವ ಒಂದು ಕಾರಣ; ತನಗೇ ಗೊತ್ತಿಲ್ಲದೆ ಈ ಶಿಲೆಯ ಮಾದರಿಯನ್ನು ನಗರಕ್ಕೆ ತರಿಸಿಕೊಂಡವನೆಂಬುದು ಇನ್ನೊಂದು. ಸತ್ತ ಮೇಲೆ ತರಿಸಿಕೊಂಡದ್ದು ಎನ್ನಿ! ಒಡಿಶಾದ ಖೋಂಡ್ ಜನರಿಂದ ‘ಖೋಂಡಲೈಟ್’ ಬಂದಂತೆ ‘ಪಲ್ಲಾವರೈಟ್’ ಎಂದಿದ್ದರೆ ನ್ಯಾಯವಾಗುತ್ತಿತ್ತು ಎಂಬುದು ನನ್ನ ತಕರಾರು. ಕೋಲ್ಕತ್ತದ ಸ್ಥಾಪಕ ಚಾರ್ನಾಕ್ ಅಲ್ಲ ಎಂದು ಅಲ್ಲಿನ ಹೈಕೋರ್ಟೇ 2003ರಲ್ಲಿ ತೀರ್ಪು ಕೊಟ್ಟಿತು. ಪಠ್ಯಪುಸ್ತಕ ತಿದ್ದಬಹುದು, ಶಿಲೆಯ ಹೆಸರು ತಿದ್ದುವವರು ಯಾರು?

ನೀಲಗಿರಿ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹೇರಳವಾಗಿರುವ ಈ ಶಿಲೆ ಹೇಗಾಯಿತೆಂಬ ಜಗಳದಲ್ಲಿ ಕನಕಪುರ ತಾಲ್ಲೂಕಿಗೂ ಪಾಲುಂಟು. ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಲೇಖನದಲ್ಲಿ, ಕಬ್ಬಾಳದ ಬಂಡೆಗಳಲ್ಲಿ ಬೂದು ಬಣ್ಣದ ನೈಸ್ ಶಿಲೆ ಚಾರ್ನೊಕೈಟ್ ಆಗಿ ಬದಲಾಗುತ್ತಿದ್ದ ಹಂತವನ್ನೇ ತೋರಿಸಿದರು. ನೆಲದಾಳದಿಂದ ಬಿರುಕುಗಳಿಗೆ ನುಗ್ಗಿದ ಇಂಗಾಲದ ಡೈಆಕ್ಸೈಡ್ ಶಿಲೆಯೊಳಗಿನ ನೀರನ್ನು ಹೊರದೂಡಿತು ಎಂಬ ವಿವರಣೆ ಆಮೇಲೆ ಬಂತು. ಇದೆಲ್ಲ ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ.

ಕಬ್ಬಾಳಮ್ಮನ ದರ್ಶನಕ್ಕೆ ಹೋದಾಗ ಒಡೆದ ಬಂಡೆಗಳತ್ತಲೂ ಒಮ್ಮೆ ಕಣ್ಣು ಹಾಯಿಸಿ. ಬೂದು ಕಲ್ಲಿನ ನಡುವೆ ಹಸಿರುಗಪ್ಪು ಕಲೆಗಳು ಕಂಡರೆ, ಅದೇ ಚಾರ್ನೊಕೈಟ್.