ದಂಡದ ಲೆಕ್ಕ ಶುರುವಾಗುವುದು ಬಾಟಲಿಯಿಂದ

ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು ಕಾರ್ಕಳದ ರಸ್ತೆ ಹಿಡಿದರೆ ನಂದಿಕೂರು. ಮಗ್ಗುಲಿನ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ನಂದಿಕೂರಿನ ಜನಜಾಗೃತಿ ಸಮಿತಿ ಅದರ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ 5 ಕೋಟಿ ರೂ. ಮಧ್ಯಂತರ ಪರಿಹಾರ ಕಟ್ಟಲು ಹೇಳಿ, ಹಾನಿಯ ಅಂದಾಜಿಗೆ ಸಮಿತಿ ನೇಮಿಸಿತು. 2022ರ ಮೇ ಕೊನೆಗೆ ಚೆನ್ನೈನ ದಕ್ಷಿಣ ಪೀಠ ಮೊತ್ತವನ್ನು 52.02 ಕೋಟಿ ರೂ. ಎಂದು ನಿಗದಿ ಮಾಡಿತು.

ಅಷ್ಟು ದೊಡ್ಡ ಮೊತ್ತ ಕಂಡಾಗ ಎಲ್ಲರ ಕಣ್ಣು ಕೋರ್ಟಿನ ಕಡೆ ಹೋಗುತ್ತದೆ. ಆದರೆ ಗೇರುಬೀಜದ ಕಾರ್ಖಾನೆಯಾಗಲಿ, ಮೀನು ಸಂಸ್ಕರಣಾ ಘಟಕವಾಗಲಿ, ಪರಿಸರದ ತಕರಾರಿನಲ್ಲಿ ಸೋಲು ಗೆಲುವು ಬಹುಮಟ್ಟಿಗೆ ತೀರ್ಮಾನವಾಗುವುದು ತಪಾಸಣೆಯ ದಿನ, ಕಾರ್ಖಾನೆಯ ಅಂಗಳದಲ್ಲೇ.

ಎರಡು ಬಾಟಲಿ, ಎರಡು ಸಹಿ

1974ರ ಜಲ ಕಾಯ್ದೆಯ 21ನೇ ಕಲಂ ಈ ವಿಚಾರದಲ್ಲಿ ಖಡಕ್ಕಾಗಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ತ್ಯಾಜ್ಯನೀರಿನ ಮಾದರಿ ತೆಗೆಯುವಾಗ ಪರೀಕ್ಷೆಗೆ ಒಳಪಡಿಸುವುದಾಗಿ ಅಲ್ಲೇ ನೋಟಿಸ್ ಕೊಡಬೇಕು. ಮಾಲೀಕರ ಎದುರಲ್ಲೇ ಮಾದರಿಯನ್ನು ಎರಡು ಪಾಲು ಮಾಡಿ, ಸೀಲು ಹಾಕಬೇಕು. ಇಬ್ಬರೂ ಸಹಿ ಹಾಕಬೇಕು. ಒಂದು ಪಾಲು ಮಂಡಳಿಯ ಪ್ರಯೋಗಾಲಯಕ್ಕೆ. ಮಾಲೀಕರು ಕೋರಿದರೆ ಇನ್ನೊಂದು ಬೇರೆ ಅಧಿಕೃತ ಪ್ರಯೋಗಾಲಯಕ್ಕೆ. ಈ ಕ್ರಮ ತಪ್ಪಿದರೆ ವರದಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ಅಧಿಕಾರಿ ಬಂದ ದಿನ ಮಾಲೀಕರು ಊರಲ್ಲಿಲ್ಲ, ಮೇಸ್ತ್ರಿ ಹೇಳಿದ ಕಡೆ ಸಹಿ ಹಾಕಿದ ಎಂದಾದರೆ ಎರಡನೇ ಬಾಟಲಿಯನ್ನು ಕೇಳುವವರೇ ಇರುವುದಿಲ್ಲ. ತಿಂಗಳ ಮೇಲೆ ‘ವರದಿ ಸರಿಯಿಲ್ಲ’ ಎಂದು ಬರೆದರೆ ತೋರಿಸಲು ಕೈಯಲ್ಲಿ ಏನಿರುತ್ತದೆ?

ದಿನಗಳ ಲೆಕ್ಕ

ಪರಿಸರ ಪರಿಹಾರಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವೊಂದಿದೆ. ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿ ದರ, ಘಟಕದ ಗಾತ್ರ, ಊರಿನ ಜನಸಂಖ್ಯೆ ಈ ಐದನ್ನೂ ಗುಣಿಸುತ್ತಾರೆ. ಮಧ್ಯಮ ಮಾಲಿನ್ಯದ ‘ಕಿತ್ತಳೆ’ ವರ್ಗದ ಸಣ್ಣ ಘಟಕವೆಂದಿಟ್ಟುಕೊಳ್ಳಿ: ಸೂಚ್ಯಂಕ 50, ದರ 250, ಗಾತ್ರಕ್ಕೆ 0.5, ಊರಿಗೆ 1. ದಿನಕ್ಕೆ 6,250 ರೂ.; ನಲವತ್ತು ದಿನಕ್ಕೆ ಎರಡೂವರೆ ಲಕ್ಷ.

ಇದರಲ್ಲಿ ಮಾಲೀಕರ ಕೈಯಲ್ಲಿರುವುದು ದಿನಗಳು ಮಾತ್ರ. ಎಣಿಕೆ ನಿಲ್ಲುವುದು ತ್ಯಾಜ್ಯನೀರು ಶುದ್ಧೀಕರಿಸುವ ಪಂಪು ರಿಪೇರಿಯಾದ ದಿನವಲ್ಲ, ರಿಪೇರಿಯಾಗಿದೆ ಎಂದು ಮಂಡಳಿ ಖಚಿತಪಡಿಸಿಕೊಂಡಾಗ. ಹಾಗಾಗಿ ಸರಿಪಡಿಸಿದ ದಿನವೇ ಬಿಲ್ಲು, ಫೋಟೊ, ಹೊಸ ಪರೀಕ್ಷಾ ವರದಿ ಲಗತ್ತಿಸಿ, ಮರುತಪಾಸಣೆ ಕೋರಿ ಮಂಡಳಿಯ ಮಣಿಪಾಲದ ಕಚೇರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು.

ಮೇಲ್ಮನವಿಯ ದಾರಿ

ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ, ತುರ್ತು ಸಂದರ್ಭ ಬಿಟ್ಟರೆ, ನಿರ್ದೇಶನ ಹೊರಡಿಸುವ ಮುಂಚೆ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಘಟಕ ನಡೆಸಲು ಮಂಡಳಿ ಸಮ್ಮತಿಪತ್ರ ನಿರಾಕರಿಸಿದರೆ 30 ದಿನದೊಳಗೆ ರಾಜ್ಯದ ಮೇಲ್ಮನವಿ ಪ್ರಾಧಿಕಾರ. ಜಲ ಕಾಯ್ದೆಯಡಿ ಘಟಕ ಮುಚ್ಚಲು ಆದೇಶವಾದರೆ ಹಸಿರು ನ್ಯಾಯಮಂಡಳಿ. ಅಲ್ಲೂ 30 ದಿನ, ಸಕಾರಣವಿದ್ದರೆ ಇನ್ನೂ 60. ಅದರ ಮೇಲೆ 90 ದಿನದೊಳಗೆ ಸುಪ್ರೀಂ ಕೋರ್ಟ್.

ಸುಪ್ರೀಂ ಕೋರ್ಟ್ ಉದ್ಯಮಗಳ ಅಹವಾಲಿಗೆ ಕಿವುಡಾಗಿಲ್ಲ. ಸಿಂಗ್ರೌಲಿ ವಿದ್ಯುತ್ ಸ್ಥಾವರದ ಪ್ರಕರಣದಲ್ಲಿ, ಸಮಿತಿಯ ವರದಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡದೆ ಹಸಿರು ನ್ಯಾಯಮಂಡಳಿ ಹೊರಡಿಸಿದ ಆದೇಶವನ್ನು 2023ರಲ್ಲಿ ರದ್ದು ಮಾಡಿತು. ವಹಿವಾಟಿನ ಮೊತ್ತ ನೋಡಿ ಬೆಂಜೊ ಕೆಮ್ ಕಂಪನಿಗೆ ಹಾಕಿದ್ದ 25 ಕೋಟಿ ದಂಡವನ್ನು 2024ರಲ್ಲಿ ತೆಗೆದುಹಾಕಿತು. ವಹಿವಾಟಿಗೂ ಮಾಲಿನ್ಯದ ಹಾನಿಗೂ ನಂಟಿಲ್ಲ ಎಂಬುದು ಕಾರಣ. ಆದರೆ ಪರಿಹಾರ ವಿಧಿಸುವ ಅಧಿಕಾರ ಮಾಲಿನ್ಯ ಮಂಡಳಿಗಳಿಗೂ ಇದೆ ಎಂದು 2025ರ ಆಗಸ್ಟ್‌ನಲ್ಲಿ ಹೇಳಿದ್ದೂ ಇದೇ ಕೋರ್ಟು. ಸೂಕ್ತ ನಿಯಮ, ಸಹಜ ನ್ಯಾಯ ಎರಡೂ ಇರಬೇಕೆಂಬ ಷರತ್ತನ್ನೂ ಹಾಕಿತು.

ವಿಧಾನದ ಲೋಪ ಹಿಡಿದು ಗೆದ್ದವರ ಚರಂಡಿ ತಾನಾಗಿ ಶುದ್ಧವಾಗುವುದಿಲ್ಲ. ಅಧಿಕಾರಿ ಮತ್ತೆ ಬಂದು ಕ್ರಮಬದ್ಧವಾಗಿ ಮಾದರಿ ತೆಗೆಯಬಹುದು. ಎರಡು ಸಹಿಯ ಬಾಟಲಿ ಪಕ್ಕದ ಮನೆಯ ಬಾವಿಯವರಿಗೂ ಅಷ್ಟೇ ಬೇಕು, ಏಕೆಂದರೆ ಕ್ರಮ ತಪ್ಪಿದ ಒಂದು ಮಾದರಿಯಿಂದ ನಿಜವಾದ ತಪ್ಪಿತಸ್ಥನೂ ನುಣುಚಿಕೊಳ್ಳುತ್ತಾನೆ. ವರದಿಯನ್ನು ಪ್ರಶ್ನಿಸುತ್ತಲೇ ಪಂಪನ್ನೂ ರಿಪೇರಿ ಮಾಡಿಸಿದ ಮಾಲೀಕರ ಮಾತಿಗೆ ಮಂಡಳಿಯಲ್ಲೂ ಊರಿನಲ್ಲೂ ತೂಕವಿರುತ್ತದೆ.