8.2 ಅಂದರೆ ಎಷ್ಟು ಪರ್ಸೆಂಟು?

ರಿಸಲ್ಟ್ ಬಂದ ದಿನ ಶಿರಾಲಿಯ ಮನೆಗಳಲ್ಲಿ ಹಿರಿಯರು ಈಗಲೂ ಕೇಳುವುದು ಪರ್ಸೆಂಟನ್ನೇ. ಆದರೆ ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಮಗಳು ಬೆಳಗಾವಿಯ ವಿಟಿಯು ಕೊಟ್ಟ ಸಿಜಿಪಿಎ ಹೇಳುತ್ತಾಳೆ. ಹೊನ್ನಾವರದ ಎಸ್‌ಡಿಎಂನಲ್ಲೋ ಕುಮಟಾದ ಬಾಳಿಗಾ ಕಾಲೇಜಿನಲ್ಲೋ ಡಿಗ್ರಿ ಓದುವ ಮಗನ ಲೆಕ್ಕ ಧಾರವಾಡದ ವಿಶ್ವವಿದ್ಯಾಲಯದ್ದು. ಕೇಳಿದವರಿಗೆ ಎರಡೂ ಅರ್ಥವಾಗುವುದಿಲ್ಲ.

ಲೆಕ್ಕವೇನೋ ಸುಲಭ. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. ನಾಲ್ಕು ಕ್ರೆಡಿಟ್‌ನ ಎರಡು ವಿಷಯಗಳಲ್ಲಿ 7 ಮತ್ತು 8, ಮೂರು ಕ್ರೆಡಿಟ್‌ನದರಲ್ಲಿ 9, ಒಂದು ಕ್ರೆಡಿಟ್‌ನದರಲ್ಲಿ 10 ಬಂತೆನ್ನಿ: 28, 32, 27, 10 ಸೇರಿ 97, ಅದನ್ನು 12ರಿಂದ ಭಾಗಿಸಿದರೆ 8.08. ಕ್ರೆಡಿಟ್ ಮರೆತು ಸುಮ್ಮನೆ ಸರಾಸರಿ ತೆಗೆದವರಿಗೆ 8.5 ಸಿಕ್ಕು, ಕಾಲೇಜು ಅಂಕ ನುಂಗಿತೆಂಬ ಅನುಮಾನ ಶುರುವಾಗುತ್ತದೆ.

ನಿಜವಾದ ತಕರಾರು ಇರುವುದು ಗ್ರೇಡ್ ಪಾಯಿಂಟಿನ ಮೆಟ್ಟಿಲಲ್ಲಿ. ವಿಟಿಯುವಿನಲ್ಲಿ 2015ರ ಮತ್ತು 2018ರ ಸ್ಕೀಮ್‌ಗಳ ಪ್ರಕಾರ 80ರಿಂದ 89ರವರೆಗೆ ಎಲ್ಲರಿಗೂ 9 ಪಾಯಿಂಟ್. 90 ಮುಟ್ಟಿದರೆ 10. ಅಂದರೆ 80ರವನೂ 89ರವಳೂ ಸಮಾನರು, 89ಕ್ಕೂ 90ಕ್ಕೂ ಮಾತ್ರ ಇಡೀ ಒಂದು ಪಾಯಿಂಟ್ ಅಂತರ! ಒಂದೆರಡು ಅಂಕಕ್ಕಾಗಿ ಮಕ್ಕಳು ಜಗಳವಾಡುವುದನ್ನು ತಪ್ಪಿಸಲು ಬಂದ ಪದ್ಧತಿ ಇದು. ಆ ಜಗಳವನ್ನು ಗಡಿಗೆ ಒಯ್ದು ನಿಲ್ಲಿಸಿದೆ ಅಷ್ಟೆ. ಹಾಗಾಗಿ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವ ಮುನ್ನ ನೋಡಿಕೊಳ್ಳಿ: 88–89ರಲ್ಲಿ ನಿಂತವರಿಗೆ ಅದು ಲಾಭವಾಗಬಹುದು, 83ರವರಿಗೆ ಮೂರ್ನಾಲ್ಕು ಅಂಕ ಹೆಚ್ಚಾದರೂ ಪಾಯಿಂಟ್ ಅಲುಗದು.

ಈ ಮೆಟ್ಟಿಲಿನಿಂದಲೇ ಪರ್ಸೆಂಟಿನ ಗೊಂದಲವೂ ಹುಟ್ಟುವುದು. ಎಲ್ಲ ವಿಷಯಗಳಲ್ಲೂ 70ರಿಂದ 79 ಪಡೆದವರ ಸಿಜಿಪಿಎ 8. ಹತ್ತರಿಂದ ಗುಣಿಸಿದರೆ ಶೇ 80, ಒಂದು ವಿಷಯದಲ್ಲೂ ಅವರಿಗೆ ಬಾರದ ಅಂಕ! ಆ ಎರಡು ಸ್ಕೀಮ್‌ಗಳಲ್ಲಿ ವಿಟಿಯು ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಲು ಹೇಳಿತು. ಹಾಗೆ 8.2 ಎಂದರೆ ಶೇ 74.5. ಸಿಬಿಎಸ್‌ಇ ಹತ್ತನೇ ತರಗತಿಗೆ ಗ್ರೇಡ್ ಕೊಡುತ್ತಿದ್ದ ವರ್ಷಗಳಲ್ಲಿ 9.5ರಿಂದ ಗುಣಿಸುತ್ತಿತ್ತು, ಆ ಸೂತ್ರದಲ್ಲಿ ಅದೇ 8.2 ಶೇ 77.9 ಆಗುತ್ತದೆ.

ನೌಕರಿಯ ಅರ್ಜಿಯಲ್ಲಿ ಶೇ 75 ಕೇಳಿದ್ದರೆ ಒಂದು ಸೂತ್ರ ಒಳಗೆ ಬಿಡುತ್ತದೆ, ಇನ್ನೊಂದು ಹೊರಗೆ ನಿಲ್ಲಿಸುತ್ತದೆ. ಅದಕ್ಕೇ ಮೊಬೈಲಿನಲ್ಲಿ ಸಿಕ್ಕ ಯಾವುದೋ ಸೂತ್ರ ನಂಬಬೇಡಿ. ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಸ್ಕೀಮ್‌ಗೆ ಹೇಳಿದ ಸೂತ್ರವನ್ನೇ ಬಳಸಿ, ಅದರ ಒಂದು ಪ್ರತಿಯನ್ನು ಅಂಕಪಟ್ಟಿಯ ಜೊತೆ ಇಟ್ಟುಕೊಳ್ಳಿ.