ಹಬ್ಬದ ಬಟ್ಟಲಿನಲ್ಲಿ ಹೆಪ್ಪುಗಟ್ಟುವ ನೀರು

ಪುಷ್ಯಮಾಸ ಬಂದಿತೆಂದರೆ ಬಾದಾಮಿಯ ಸುತ್ತಣ ಹಾದಿಗಳೆಲ್ಲ ಬನಶಂಕರಿಯ ಕಡೆಗೆ ತಿರುಗುತ್ತವೆ. ಬನದ ಹುಣ್ಣಿಮೆಯಂದು ತೇರು ಎಳೆದ ಬಳಿಕವೂ ಜಾತ್ರೆಯ ಗದ್ದಲ ವಾರಗಟ್ಟಲೆ ನಿಲ್ಲುವುದಿಲ್ಲ. ದೇವಾಲಯದ ಎದುರಿನ ಹರಿದ್ರಾತೀರ್ಥದ ಬಳಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು ಯಾತ್ರಿಕರಿಗೆ ಊಟ ಬಡಿಸುತ್ತಾರೆ. ಜೋಳದ ಖಡಕ್ ರೊಟ್ಟಿ, ಚಟ್ನಿ, ಕಡಲೆಹಿಟ್ಟಿನ ಝುಣಕದ ವಡಿ, ಸಣ್ಣ ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಮೊಸರು—ಹಸಿದವನಿಗೆ ಇದಕ್ಕಿಂತ ರುಚಿಯಾದ ಊಟ ಬೇರೆ ಇಲ್ಲ.

ಉಣ್ಣುವ ಮೊದಲು ಆ ಮೊಸರಿನ ಕುಡಿಕೆಯನ್ನು ಒಂದಿಷ್ಟು ಓರೆ ಮಾಡಿ ನೋಡಿರಿ. ಮೊಸರು ಚೆಲ್ಲುವುದಿಲ್ಲ, ಸ್ವಲ್ಪ ನಡುಗಿ, ಇದ್ದಲ್ಲಿಯೇ ನಿಲ್ಲುತ್ತದೆ. ಇದರಲ್ಲಿ ಸೋಜಿಗವೇನು ಎಂದು ನೀವು ಕೇಳಬಹುದು. ಸೋಜಿಗವಿದೆ. ಆ ಮೊಸರಿನ ನೂರು ಪಾಲಿನಲ್ಲಿ ಎಂಬತ್ತೈದಕ್ಕೂ ಹೆಚ್ಚು ಪಾಲು ಬರಿಯ ನೀರು. ಬಟ್ಟಲನ್ನು ಓರೆ ಮಾಡಿದೊಡನೆ ಹರಿದುಹೋಗಬೇಕಾದ ನೀರು ಇಲ್ಲಿ ನಿಂತುಕೊಂಡದ್ದು ಹೇಗೆ? ಅದನ್ನು ಹಿಡಿದು ನಿಲ್ಲಿಸಿದವರು ಯಾರು?

ಈ ಪ್ರಶ್ನೆಯ ಉತ್ತರವನ್ನು ಅರಿತವರು ಹಬ್ಬದ ದಿನ ಮನೆಗೆ ಬಂದ ಗೆಳೆಯರ ಮುಂದೆ ಮಾಣಿಕ್ಯದಂತೆ ಹೊಳೆಯುವ ಜೆಲ್ಲಿಯ ಬಟ್ಟಲುಗಳನ್ನು ತಂದಿಡಬಲ್ಲರು. ಅರಿಯದವರ ಬಟ್ಟಲಿನಲ್ಲಿ ಉಳಿಯುವುದು ಬರಿಯ ಪಾನಕ!

ಅಂಟಿನ ಕುಲ

1861ರಲ್ಲಿ ತಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞನು ವಸ್ತುಗಳನ್ನು ಎರಡು ಬಗೆಯಾಗಿ ವಿಂಗಡಿಸಿದನು. ಉಪ್ಪು, ಸಕ್ಕರೆಗಳ ದ್ರಾವಣವು ತೆಳುವಾದ ಪೊರೆಯೊಂದರ ಮೂಲಕ ಸುಲಭವಾಗಿ ಆಚೆ ಹಾಯುತ್ತದೆ. ಅಂಟು, ಜೆಲಟಿನ್ ಮೊದಲಾದವುಗಳ ಕಣಗಳು ಹಾಯಲಾರವು. ಈ ಎರಡನೆಯ ಬಗೆಗೆ ಆತನು ‘ಕೊಲಾಯಿಡ್’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಕೊಲ್ಲ’ ಎಂದರೆ ಅಂಟು. ನಮ್ಮ ಗ್ರಂಥಕಾರರು ಇದನ್ನು ‘ಕಲಿಲ’ವೆಂದು ಕರೆದರು.

ಅಂಟೆಂದೊಡನೆ ಹುನಗುಂದ ತಾಲ್ಲೂಕಿನ ಅಮೀನಗಡದ ನೆನಪು ಬಾರದಿರದು. ಅಲ್ಲಿಯ ಕರದಂಟು ನಾಡಿಗೆಲ್ಲ ಹೆಸರಾದ ತಿನಿಸು. ಹೆಸರೇ ಹೇಳುವಂತೆ ಅದು ‘ಕರಿದ ಅಂಟು’. ಮರದಿಂದ ಒಸರಿ ಗಟ್ಟಿಯಾದ ಅಂಟನ್ನು ತುಪ್ಪದಲ್ಲಿ ಕರಿದರೆ, ಅದರೊಳಗೆ ಉಳಿದಿದ್ದ ತೇವವು ಆವಿಯಾಗಿ ಹಿಗ್ಗಿ, ಅಂಟಿನ ಹರಳು ಅರಳಿನಂತೆ ಅರಳುತ್ತದೆ. ಅದಕ್ಕೆ ಬೆಲ್ಲದ ಪಾಕ, ಒಣಕೊಬ್ಬರಿ, ಗೋಡಂಬಿ, ಬಾದಾಮಿಗಳನ್ನು ಕೂಡಿಸಿದರೆ ಕರದಂಟಾಯಿತು. ಆದರೆ ಅದೇ ಅಂಟನ್ನು ನೀರಿನಲ್ಲಿ ನೆನೆಸಿ ಕರಗಿಸಿದರೆ ಜಿಗುಟಾದ ರಸ ದೊರೆಯುತ್ತದೆಯೇ ಹೊರತು ಮೊಸರಿನಂತೆ ನಿಲ್ಲುವ ಗಡ್ಡೆ ದೊರೆಯುವುದಿಲ್ಲ. ಅಂಟಿನ ಅಣುಗಳು ದೊಡ್ಡವು, ಕವಲು ಕವಲಾದವು. ಅವು ಒಂದರ ಪಕ್ಕದಲ್ಲೊಂದು ಜಾರುತ್ತವೆ, ಒಂದನ್ನೊಂದು ಭದ್ರವಾಗಿ ಹಿಡಿಯುವುದಿಲ್ಲ. ನೀರು ನಿಲ್ಲಬೇಕಾದರೆ ಅಣುಗಳು ದೊಡ್ಡವಾಗಿದ್ದರೆ ಸಾಲದು. ಅವುಗಳ ನಡುವೆ ಕೊಂಡಿ ಬೀಳಬೇಕು.

ಇಳಕಲ್ಲಿನ ಕೊಂಡಿ

ಈ ಕೊಂಡಿಯ ಮಾತನ್ನು ತಿಳಿಯಲು ಇಳಕಲ್ಲಿನ ನೇಕಾರರ ಮನೆಗೆ ಹೋಗೋಣ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗಳ ಕುಣಿಕೆಯಲ್ಲಿ ಸೆರಗಿನ ಎಳೆಗಳ ಕುಣಿಕೆಯನ್ನು ಒಂದೊಂದಾಗಿ ಸಿಕ್ಕಿಸಿ ಎರಡನ್ನೂ ಕೂಡಿಸುತ್ತಾರೆ. ಇದಕ್ಕೆ ಕೊಂಡಿಯೆಂದೇ ಹೆಸರು. ಬಿಡಿಯಾಗಿದ್ದ ಎಳೆಗಳು ಆಗ ಒಂದೇ ವಸ್ತ್ರವಾಗುತ್ತವೆ.

ಜೆಲ್ಲಿಯಲ್ಲಿ ನಡೆಯುವುದೂ ಹೀಗೆಯೇ. ನೀರಿನಲ್ಲಿ ತೇಲುತ್ತಿರುವ ನೀಳವಾದ ಅಣುಗಳು ಅಲ್ಲಲ್ಲಿ ಒಂದನ್ನೊಂದು ಹೆಣೆದುಕೊಂಡು ಮೂರು ದಿಕ್ಕಿಗೂ ಹರಡಿದ ಬಲೆಯಾಗುತ್ತವೆ. ಈ ಬಲೆಯ ಕಣ್ಣುಗಳು ಅತಿ ಸೂಕ್ಷ್ಮ. ಅವುಗಳೊಳಗೆ ಸಿಕ್ಕಿದ ನೀರು ಹರಿಯಲಾರದು. ನೂರು ಪಾಲು ನೀರನ್ನು ನಿಲ್ಲಿಸಲು ಒಂದೆರಡು ಪಾಲು ಎಳೆ ಸಾಕಾಗುವುದು ಇದರಿಂದಲೇ.

ಬಲೆ ನೇಯುವ ಬಗೆ ಮಾತ್ರ ಒಂದೊಂದು ಪದಾರ್ಥಕ್ಕೆ ಒಂದೊಂದು. ಹಾಲು ಹುಳಿಯಾದಾಗ ಅದರ ಕೇಸೀನ್ ಎಂಬ ಸಸಾರಜನಕದ ಕಣಗಳು ಒಂದಕ್ಕೊಂದು ಅಂಟಿ ಮೊಸರಾಗುತ್ತದೆ. ಕಡಲೆಹಿಟ್ಟನ್ನು ನೀರಿನಲ್ಲಿ ಕುದಿಸಿದಾಗ ಅದರ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ತಟ್ಟೆಗೆ ಸುರಿದು ಆರಲು ಬಿಟ್ಟರೆ ಬಿಗಿದು, ಚಾಕುವಿನಿಂದ ಕೊಯ್ಯಬಹುದಾದ ವಡಿಯಾಗುತ್ತದೆ. ಈದ ಹಸುವಿನ ಮೊದಲ ಹಾಲನ್ನು ಕಾಯಿಸಿದರೆ ಹೆಪ್ಪು ಹಾಕದಿದ್ದರೂ ಗಿಣ್ಣವಾಗಿ ಗಟ್ಟಿಯಾಗುತ್ತದೆ. ಆ ಹಾಲಿನಲ್ಲಿ ಹೇರಳವಾಗಿರುವ ಸಸಾರಜನಕಗಳು ಬಿಸಿಗೆ ಬಿಚ್ಚಿಕೊಂಡು ಹೆಣೆದುಕೊಳ್ಳುವುದೇ ಇದಕ್ಕೆ ಕಾರಣ. ಈ ಮೂರನ್ನೂ ಮತ್ತೆ ಬಿಸಿ ಮಾಡಿದರೆ ಮೊದಲಿನ ದ್ರವ ಬಾರದು. ಇವುಗಳಲ್ಲಿ ಬಿದ್ದ ಕೊಂಡಿ ಬಿಚ್ಚುವ ಕೊಂಡಿಯಲ್ಲ.

ಮದರಾಸಿನಲ್ಲಿ ಬಿಡಿಸಿದ ಒಗಟು

ಪಾಶ್ಚಾತ್ಯ ದೇಶಗಳ ಔತಣದ ಜೆಲ್ಲಿಯು ಇವುಗಳಿಗಿಂತ ಭಿನ್ನ. ಅದು ಬಿಸಿಗೆ ಕರಗುತ್ತದೆ, ತಂಪಿಗೆ ಮತ್ತೆ ಗಟ್ಟಿಯಾಗುತ್ತದೆ. ಅದರಲ್ಲಿರುವುದು ಜೆಲಟಿನ್. ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುಬಂಧಗಳಲ್ಲಿರುವ ಕೊಲಾಜೆನ್ ಎಂಬ ಸಸಾರಜನಕದಿಂದ ಅದನ್ನು ತಯಾರಿಸುತ್ತಾರೆ. ಕೊಲಾಜೆನ್ ಎಂಬ ಹೆಸರಿನಲ್ಲಿಯೂ ಅದೇ ‘ಕೊಲ್ಲ’ ಅಡಗಿದೆಯೆಂಬುದನ್ನು ಗಮನಿಸಿರಿ.

ಕೊಲಾಜೆನ್ನಿನ ರಚನೆ ಬಹುಕಾಲ ವಿಜ್ಞಾನಿಗಳಿಗೆ ಒಗಟಾಗಿತ್ತು. ಅದನ್ನು ಬಿಡಿಸುವ ಹಾದಿಯನ್ನು ತೋರಿದವರು ನಮ್ಮ ದೇಶದವರೇ ಎಂಬುದು ಹೆಮ್ಮೆಯ ಸಂಗತಿ. ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು 1954ರಲ್ಲಿ, ಕೊಲಾಜೆನ್ ಎಂದರೆ ಮೂರು ಎಳೆಗಳನ್ನು ಹೊಸೆದ ಹುರಿಯೆಂದು ತಿಳಿಸಿದರು. ಮರುವರ್ಷವೇ ಆ ರಚನೆಯನ್ನು ಇನ್ನಷ್ಟು ತಿದ್ದಿ ಮುಂದಿಟ್ಟರು. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸಂಶೋಧನೆ ನಡೆಸಿದರು.

ಮೂರೆಳೆಯ ಈ ಹುರಿಯನ್ನು ನೀರಿನಲ್ಲಿ ಕಾಯಿಸಿದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ, ಅದೇ ಜೆಲಟಿನ್. ಆರಿದಾಗ ಅವು ಮತ್ತೆ ಹುರಿಗೊಳ್ಳಲು ಹವಣಿಸುತ್ತವೆ. ಆದರೆ ಹಳೆಯ ಜೊತೆಗಾರ ಸಿಕ್ಕುವುದಿಲ್ಲ. ಕೈಗೆ ಸಿಕ್ಕ ಎಳೆಯೊಡನೆ ಅಲ್ಲಲ್ಲಿ ತುಸು ಹೊಸೆದುಕೊಳ್ಳುತ್ತವೆ. ಹೊಸೆದ ಎಡೆಯೇ ಕೊಂಡಿ. ಹೊಸೆಯದೆ ಉಳಿದ ಉದ್ದವೇ ಬಲೆ. ಈ ಕೊಂಡಿಗಳು ಸುಮಾರು 30ರಿಂದ 35 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬಿಚ್ಚಿಹೋಗುತ್ತವೆ. ನಮ್ಮ ಬಾಯಿಯ ಉಷ್ಣತೆ ಸುಮಾರು 37 ಡಿಗ್ರಿ. ಜೆಲ್ಲಿಯು ನಾಲಗೆಯ ಮೇಲೆ ಕರಗುವ ಗುಟ್ಟು ಇಷ್ಟೇ.

ಬಿಸಿಲುನಾಡಿಗೆ ತಕ್ಕ ಬಲೆ

ಈಗ ನಮ್ಮ ಕಷ್ಟ ತಿಳಿಯಿತಷ್ಟೆ? ಬಾಗಲಕೋಟೆಯಲ್ಲಿ ಬೇಸಗೆಯ ಹಗಲು 40 ಡಿಗ್ರಿಯನ್ನು ಮುಟ್ಟುವುದುಂಟು. ಯುಗಾದಿಯ ಮಧ್ಯಾಹ್ನ ಜೆಲಟಿನ್ನಿನ ಜೆಲ್ಲಿಯನ್ನು ಶೀತಕಪೆಟ್ಟಿಗೆಯಿಂದ ಹೊರಗೆ ತಂದಿಟ್ಟರೆ, ಅತಿಥಿಗಳು ಕೈ ತೊಳೆದು ಬರುವಷ್ಟರಲ್ಲಿ ಅದು ನೀರಾಗತೊಡಗುತ್ತದೆ. ಅಲ್ಲದೆ, ಸಸ್ಯಾಹಾರಿಗಳ ಮನೆಯಲ್ಲಿ ಮೂಳೆ ಚರ್ಮಗಳಿಂದ ಬಂದ ವಸ್ತುವನ್ನು ಬಡಿಸುವುದು ಸಲ್ಲದು.

ಇದೇ ಕಷ್ಟವು ಒಮ್ಮೆ ಜರ್ಮನಿಯ ಪ್ರಯೋಗಶಾಲೆಯೊಂದರಲ್ಲಿಯೂ ತಲೆದೋರಿತ್ತು. ರಾಬರ್ಟ್ ಕಾಕ್ ಅವರ ಬಳಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯು ಸೂಕ್ಷ್ಮಜೀವಿಗಳನ್ನು ಜೆಲಟಿನ್ನಿನ ಮೇಲೆ ಬೆಳೆಸುತ್ತಿದ್ದನು. ಸೆಕೆಗೆ ಅದು ಕರಗಿಹೋಗುತ್ತಿತ್ತು. ಕೆಲವು ಸೂಕ್ಷ್ಮಜೀವಿಗಳಂತೂ ಅದನ್ನೇ ತಿಂದು ನೀರುಮಾಡುತ್ತಿದ್ದುವು. ಬೇಸತ್ತ ಆತನು, ನೀನು ಮಾಡುವ ಜೆಲ್ಲಿ ಬೇಸಗೆಯಲ್ಲಿಯೂ ಕರಗದಿರುವುದು ಹೇಗೆಂದು 1881ರಲ್ಲಿ ತನ್ನ ಹೆಂಡತಿ ಫ್ಯಾನಿಯನ್ನು ಕೇಳಿದನು. ಆಕೆ ಬಳಸುತ್ತಿದ್ದುದು ಅಗರ್ ಎಂಬ ಕಡಲಪಾಚಿಯ ಸಾರ. ಜಾವಾದಲ್ಲಿದ್ದು ಬಂದವರಿಂದ ಅದನ್ನು ಕಲಿತಿದ್ದಳು. ಅಡುಗೆಮನೆಯ ಈ ತಿಳಿವಳಿಕೆ ಪ್ರಯೋಗಶಾಲೆಗೆ ಬಂದಿತು. ಕಾಕ್ ಅವರು 1882ರಲ್ಲಿ ಕ್ಷಯರೋಗದ ಜೀವಾಣುವನ್ನು ಕುರಿತು ಬರೆದ ಪ್ರಬಂಧದಲ್ಲಿ ಅಗರ್ ಪ್ರಸ್ತಾಪವಾಗಿದೆ. ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದು ಅಗರಿನ ತಟ್ಟೆಗಳ ಮೇಲೆಯೇ.

ನಮ್ಮ ಪೇಟೆಯಲ್ಲಿ ಅಗರನ್ನು ‘ಚೈನಾ ಗ್ರಾಸ್’ ಎಂಬ ಹೆಸರಿನಿಂದ ಮಾರುತ್ತಾರೆ. ಅದು ಹುಲ್ಲೂ ಅಲ್ಲ. ಕೆಂಪು ಕಡಲಪಾಚಿಗಳಿಂದ ತೆಗೆದ ಶರ್ಕರಪಿಷ್ಟ. ಅದರ ಬಲೆಯು 35ರಿಂದ 40 ಡಿಗ್ರಿಯ ಆಸುಪಾಸಿನಲ್ಲಿ ಬಿಗಿಯುತ್ತದೆ. ಬಿಗಿದ ಮೇಲೆ ಕರಗಿಸಲು ಸುಮಾರು 85 ಡಿಗ್ರಿಯ ಬಿಸಿ ಬೇಕು. ಬಾಗಲಕೋಟೆಯ ಬಿಸಿಲು ಇದನ್ನು ಏನೂ ಮಾಡಲಾರದು.

ಮಾಡಿ ನೋಡಿರಿ

ಬಾಗಲಕೋಟೆಯ ಸೀಮೆಯಲ್ಲಿ ದಾಳಿಂಬೆ ಬೆಳೆಯುತ್ತದೆ. ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೂ ಇದೆ. ಆದುದರಿಂದ ನಮ್ಮ ಜೆಲ್ಲಿಯು ದಾಳಿಂಬೆಯದೇ ಆಗಲಿ. 5 ಗ್ರಾಂ ಚೈನಾ ಗ್ರಾಸನ್ನು ಸಣ್ಣಗೆ ಕತ್ತರಿಸಿ 300 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಯಿಡಿರಿ. ಹಿರಿಯರ ಸಮ್ಮುಖದಲ್ಲಿ ಒಲೆಯ ಮೇಲಿಟ್ಟು, ಒಂದು ಎಳೆಯೂ ಕಾಣದಂತೆ ಕರಗುವವರೆಗೆ ಕೈಯಾಡಿಸುತ್ತ ಕುದಿಸಿರಿ. ರುಚಿಗೆ ತಕ್ಕಷ್ಟು ಸಕ್ಕರೆ ಹಾಕಿರಿ. ಕೆಳಗಿಳಿಸಿದ ಮೇಲೆ 200 ಮಿಲಿಲೀಟರ್ ಸೋಸಿದ ದಾಳಿಂಬೆಯ ರಸವನ್ನು ಬೆರೆಸಿ ಬಟ್ಟಲುಗಳಿಗೆ ಹೊಯ್ಯಿರಿ. ರಸವನ್ನು ಅಗರಿನೊಡನೆ ಕುದಿಸಬಾರದು. ಹುಳಿಯೊಡನೆ ಬಹಳ ಹೊತ್ತು ಕುದಿದರೆ ಅಗರಿನ ಅಣುಗಳು ತುಂಡಾಗಿ ಬಲೆ ಸಡಿಲವಾಗುತ್ತದೆ. ರಸವು ಮಂಜಿನಂತೆ ತಣ್ಣಗಿರಲೂ ಬಾರದು, ಕೂಡಿಸಿದೊಡನೆ ಗಂಟುಗಂಟಾದೀತು.

ಇದರೊಡನೆ ಒಂದು ಪ್ರಯೋಗವನ್ನೂ ಮಾಡಬಹುದು. ಮಾಂಸಾಹಾರದ ನಿಷೇಧವಿಲ್ಲದ ಕಡೆ, ಜೆಲಟಿನ್ನಿನ ಎರಡು ಬಟ್ಟಲುಗಳನ್ನೂ ಅಗರಿನ ಒಂದು ಬಟ್ಟಲನ್ನೂ ಸಿದ್ಧಪಡಿಸಿರಿ. ಜೆಲಟಿನ್ನಿನ ಒಂದಕ್ಕೆ ಹಸಿ ಅನಾನಸಿನ ಚೂರು, ಇನ್ನೊಂದಕ್ಕೆ ಚೆನ್ನಾಗಿ ಬೇಯಿಸಿದ ಚೂರು, ಅಗರಿಗೆ ಹಸಿ ಚೂರು ಹಾಕಿ ಮೂರನ್ನೂ ಶೀತಕಪೆಟ್ಟಿಗೆಯಲ್ಲಿಡಿರಿ. ಮೊದಲನೆಯದು ಮಾತ್ರ ಗಟ್ಟಿಯಾಗುವುದಿಲ್ಲ. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ. ಅದು ಸಸಾರಜನಕದ ಎಳೆಗಳನ್ನು ಕತ್ತರಿಸುತ್ತದೆ. ಬೇಯಿಸಿದರೆ ಕಿಣ್ವವು ಕೆಡುತ್ತದೆ. ಅಗರ್ ಸಸಾರಜನಕವೇ ಅಲ್ಲವಾದುದರಿಂದ ಆ ಕತ್ತರಿ ಅದರ ಮೇಲೆ ನಡೆಯದು. ಪಪ್ಪಾಯಿಯ ಕಾಯಿಯಲ್ಲಿಯೂ ಇಂತಹುದೇ ಕಿಣ್ವವಿದೆ.

ಒಂದು ಎಚ್ಚರಿಕೆ: ಜೆಲ್ಲಿಯನ್ನು ಚಮಚದಿಂದ ತಿನ್ನಬೇಕೇ ಹೊರತು ಇಡಿಯಾಗಿ ಬಾಯಿಗೆ ಸುರಿದುಕೊಳ್ಳಬಾರದು. ಬಾಯಲ್ಲಿ ಕರಗದ ಗಟ್ಟಿ ಜೆಲ್ಲಿ ಮಕ್ಕಳ ಗಂಟಲಿಗೆ ಸಿಕ್ಕೀತು. ಈ ಅಪಾಯದಿಂದಲೇ ಐರೋಪ್ಯ ಒಕ್ಕೂಟವು 2004ರಲ್ಲಿ ಅಗರ್ ಮೊದಲಾದವುಗಳಿಂದ ಮಾಡಿದ ಪುಟ್ಟ ಬಟ್ಟಲಿನ ಜೆಲ್ಲಿ ಮಿಠಾಯಿಗಳನ್ನು ನಿಷೇಧಿಸಿತು.

ಬಣ್ಣದ ಬಟ್ಟಲಿನೊಳಗಿನ ವಂಚನೆ

ಹೊರದೇಶಗಳಲ್ಲಿ ಕ್ರಿಸ್ಮಸ್, ಹೊಸವರ್ಷದ ಕೂಟಗಳಲ್ಲಿ ಜೆಲ್ಲಿಗೆ ಮದ್ಯವನ್ನು ಬೆರೆಸಿ ಪುಟ್ಟ ಬಟ್ಟಲುಗಳಲ್ಲಿ ಹಂಚುವ ರೂಢಿಯುಂಟು. ಅದನ್ನು ‘ಜೆಲ್ಲಿ ಶಾಟ್’ ಎನ್ನುತ್ತಾರೆ. ಇದು ಇಂದಿನ ಕಲ್ಪನೆಯೇನೂ ಅಲ್ಲ. ಅಮೆರಿಕದ ಜೆರಿ ತಾಮಸ್ ಎಂಬಾತನು 1862ರಲ್ಲಿ ಪ್ರಕಟಿಸಿದ ಪಾನೀಯಗಳ ಪುಸ್ತಕದಲ್ಲಿಯೇ ಇಂತಹ ಜೆಲ್ಲಿಯಿದೆ. ಮದ್ಯದ ಬಲವು ಜೆಲಟಿನ್ನಿನಲ್ಲಿ ಅಡಗಿಹೋಗುವುದರಿಂದ ಜನರು ಅರಿಯದೆ ಅತಿಯಾಗಿ ಸೇವಿಸುವರೆಂದು ಮದ್ಯ ಬೆರೆಸುವುದನ್ನೇ ಕಸುಬಾಗಿಸಿಕೊಂಡಿದ್ದ ಆತನೇ ಅಲ್ಲಿ ಎಚ್ಚರಿಸಿದ್ದಾನೆ.

ಆ ಎಚ್ಚರಿಕೆ ಶಾಸ್ತ್ರಸಮ್ಮತವಾದುದು. ಸಿಹಿಯೂ ಬಣ್ಣವೂ ಮದ್ಯದ ಘಾಟನ್ನು ಮರೆಮಾಡುತ್ತವೆ. ನಾಲಗೆಯು ಕೊಡಬೇಕಾದ ಸೂಚನೆಯನ್ನು ಕೊಡುವುದಿಲ್ಲ. ಹೊಟ್ಟೆಯಲ್ಲಿ ಜೆಲಟಿನ್ ಕರಗಿದ ಮೇಲೆ ಮದ್ಯಸಾರವು ಎಲ್ಲಿಯೂ ಮಾಯವಾಗದೆ ರಕ್ತವನ್ನು ಸೇರುತ್ತದೆ. ಮೊದಲನೆಯ ಬಟ್ಟಲಿನ ಪರಿಣಾಮ ತೋರುವ ಮುನ್ನವೇ ನಾಲ್ಕನೆಯದು ಗಂಟಲಿಳಿದಿರುತ್ತದೆ. ಯಕೃತ್ತಾದರೋ ತನ್ನದೇ ನಿಧಾನವಾದ ವೇಗದಲ್ಲಿ ಅದನ್ನು ಕಳೆಯುತ್ತದೆ. ಅದನ್ನು ಅವಸರಪಡಿಸುವ ಉಪಾಯವಿಲ್ಲ. ಎಳೆಯ ವಯಸ್ಸಿನವರಿಗಂತೂ ಇದು ಪ್ರಾಣಾಪಾಯವನ್ನೂ ತಂದೀತು.

ಈ ವಂಚನೆಯ ವಿರುದ್ಧ ಇಳಕಲ್ಲಿನಲ್ಲಿ ಒಂದು ಜೋಳಿಗೆ ಹೊರಟಿತ್ತು. ಅಲ್ಲಿಯ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಊರೂರು ತಿರುಗಿ ಭಿಕ್ಷೆ ಬೇಡಿದರು. ಅವರು ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ; ಕುಡಿತವೇ ಮೊದಲಾದ ದುಶ್ಚಟಗಳನ್ನು ತಮ್ಮ ಜೋಳಿಗೆಗೆ ಹಾಕಿರೆಂದು ಕೇಳಿದರು. ‘ಮಹಾಂತ ಜೋಳಿಗೆ’ ಎಂದೇ ಅದು ಪ್ರಸಿದ್ಧವಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ.

ಮುಂದಿನ ಹಬ್ಬಕ್ಕೆ ಗೆಳೆಯರನ್ನು ಕರೆದಾಗ ದಾಳಿಂಬೆಯ ಬಟ್ಟಲನ್ನು ಅವರ ಕೈಗಿತ್ತು, ಓರೆ ಮಾಡಿ ನೋಡಿರೆಂದು ಹೇಳಿರಿ. ನೀರು ಏಕೆ ಚೆಲ್ಲಲಿಲ್ಲವೆಂದು ಯಾರಾದರೂ ಕೇಳಿದರೆ ಇಳಕಲ್ಲಿನ ಕೊಂಡಿಯ ಕಥೆಯಿಂದ ಆರಂಭಿಸಿರಿ. ಕೇಳದಿದ್ದರೆ ಚಮಚ ಕೊಟ್ಟು ತಿನ್ನಲು ಬಿಡಿರಿ. ತಿಂದಾದ ಮೇಲಾದರೂ ಕೇಳಿಯೇ ಕೇಳುತ್ತಾರೆ.